ಬಟವಾಡೆ ಅವಳ ಕೈಗೇ ಆಗಲಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದ ಪತ್ರ ಓದಿದೆ. ಅಂಗವಿಕಲರು ಅಭಿನಯಿಸುವ ನಾಟಕಕ್ಕೆ 150 ರೂಪಾಯಿ ಟಿಕೆಟ್ ಇಟ್ಟಿದ್ದು ಅವರಿಗೆ ಸರಿ ಕಂಡಿಲ್ಲ. ‘ಇದು ಸೇವೆ ಅಲ್ಲವೇ? ವೇದಿಕೆ ಸಿಗುವುದೇ ಆ ಮಕ್ಕಳಿಗೆ ದೊಡ್ಡದು. ಸಂಭಾವನೆ ಕೊಟ್ಟರೆ ಅದರ ಬೆಲೆ ಅವರಿಗೆ ಗೊತ್ತಾಗುತ್ತದೆಯೇ?’ ಎಂದು ಕೇಳಿದ್ದಾರೆ. ಕೆಟ್ಟ ಮನಸ್ಸಿನಿಂದ ಕೇಳಿಲ್ಲ, ಅದು ಗೊತ್ತು. ನಾಲ್ಕೈದು ವರ್ಷದ ಹಿಂದೆ ನಾನೂ ಹೀಗೇ ಮಾತಾಡುತ್ತಿದ್ದೆ. ಆದರೆ ಅವರು ನೋಡಿದ ನಾಟಕದಲ್ಲಿ ಸಂತೆಯಲ್ಲಿ ಕೂತು ಬದನೆಕಾಯಿ ಮಾರುವ ಜೋರು ಬಾಯಿಯ ಹೆಂಗಸು ಇದ್ದಳಲ್ಲ, ಅವಳು ನನ್ನ ಮಗಳು. ಹಾಗಾಗಿ ನಾನು ಸುಮ್ಮನಿರುವ ಹಾಗಿಲ್ಲ.

ಮೊದಲು ಆ ‘ಮಕ್ಕಳು’ ಅನ್ನುವ ಮಾತು. ನನ್ನ ಮಗಳಿಗೆ ಈಗ 31. ಅವಳ ಜೊತೆ ವೀಲ್‌ಚೇರ್‌ನಲ್ಲಿ ಕೂತು ಶಾನುಭೋಗರ ಪಾತ್ರ ಮಾಡುವವರಿಗೆ 44. ಅವರ ಗಡ್ಡದಲ್ಲಿ ನನ್ನ ಗಡ್ಡಕ್ಕಿಂತ ಸ್ವಲ್ಪ ಕಡಿಮೆ ಬಿಳಿ ಇದೆ, ಅಷ್ಟೇ. 18 ತುಂಬದವರನ್ನು ಆ ತಂಡ ಸೇರಿಸಿಕೊಳ್ಳುವುದೇ ಇಲ್ಲ. ನಾನು ಮನೆಯಲ್ಲಿ ಅಭ್ಯಾಸಬಲದಿಂದ ಪುಟ್ಟಿ ಅಂತ ಕರೆದರೆ ಮಗಳು ತಿರುಗಿ ನೋಡುವುದಿಲ್ಲ. ಒಂದು ಸಲ ನೆಂಟರ ಮುಂದೆ ಕರೆದೆ. ‘ಪುಟ್ಟಿ ಅಲ್ಲ, ಆರ್ಟಿಸ್ಟು’ ಅಂದಳು. ನೆಂಟರು ನಕ್ಕರು. ಅವಳು ನಗಲಿಲ್ಲ.

ನಾನು ಪೋಸ್ಟ್‌ಮ್ಯಾನ್ ಆಗಿದ್ದವನು. 36 ವರ್ಷ ಸರ್ವಿಸ್ ಮಾಡಿ 2019ರಲ್ಲಿ ನಿವೃತ್ತನಾದೆ. ಜಾಸ್ತಿ ಕಾಲ ಚಾಮರಾಜಪೇಟೆ ಬೀಟ್. ಊರು ಗುಬ್ಬಿ ತಾಲ್ಲೂಕು. ನಾಟಕದ ಬಗ್ಗೆ ನನಗೆ ದೊಡ್ಡ ತಿಳಿವಳಿಕೆ ಇಲ್ಲ. ದುಡ್ಡು ಕೈಯಿಂದ ಕೈಗೆ ಹೋಗುವುದು ಹೇಗೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು.

ಹಳೆಯ ಮನಿಯಾರ್ಡರ್ 2015ರಲ್ಲಿ ನಿಂತಿತು. ಅಲ್ಲಿವರೆಗೆ ಅದರಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಯಾರ ಹೆಸರಿಗೆ ಹಣ ಬಂದಿದೆಯೋ ಅವರ ಕೈಗೇ ಕೊಡಬೇಕು. ಸಹಿ ಬಾರದಿದ್ದರೆ ಹೆಬ್ಬೆಟ್ಟು, ಅದಕ್ಕೊಬ್ಬ ಸಾಕ್ಷಿ. ಮಗ, ಸೊಸೆ, ಅಣ್ಣ, ತಮ್ಮ ಯಾರು ಕೈಚಾಚಿದರೂ ಕೊಡುವ ಹಾಗಿಲ್ಲ. ನನ್ನ ಬೀಟ್‌ನ ಒಂದು ವಠಾರದಲ್ಲಿ ಒಬ್ಬ ಯುವಕನಿದ್ದ. ಬುದ್ಧಿ ಬೆಳೆದಿರಲಿಲ್ಲ ಎಂದು ಜನ ಹೇಳುತ್ತಿದ್ದರು. ಅವನಿಗೆ ಸರ್ಕಾರದ ಮಾಸಾಶನ ಬರುತ್ತಿತ್ತು. ನೋಟುಗಳನ್ನು ಎಣಿಸಿ ಅವನ ಅಂಗೈ ಮೇಲೆ ಇಡುತ್ತಿದ್ದೆ. ಅವನು ಹಣೆಗೆ ಒತ್ತಿಕೊಂಡು ನಗುತ್ತಿದ್ದ. ನಾನು ಸೈಕಲ್ ತಿರುಗಿಸುವುದರೊಳಗೆ ಅವನ ಅಣ್ಣ ಅದನ್ನು ಕಿತ್ತುಕೊಳ್ಳುತ್ತಿದ್ದ. ಪ್ರತಿ ತಿಂಗಳೂ ಇದೇ. ನಿಯಮದ ಪ್ರಕಾರ ನನ್ನ ಬಟವಾಡೆ ಸರಿಯಾಗಿಯೇ ಇತ್ತು. ಆ ಅಣ್ಣನನ್ನು ಮನಸ್ಸಿನಲ್ಲೇ ಬೈದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದೆ.

ಆ ಅಣ್ಣನ ವಿಷಯಕ್ಕೆ ಮತ್ತೆ ಬರುತ್ತೇನೆ.

ಮಗಳು ಹುಟ್ಟಿದ್ದು 1994ರಲ್ಲಿ. ಡೌನ್ ಸಿಂಡ್ರೋಮ್. ನಮಗೆಲ್ಲ 21ನೇ ಕ್ರೋಮೋಸೋಮ್ ಎರಡಿದ್ದರೆ ಅವಳಿಗೆ ಮೂರು. ಹೃದಯದಲ್ಲಿ ತೂತು ಇತ್ತು, ನಾಲ್ಕನೇ ವರ್ಷಕ್ಕೆ ಆಪರೇಷನ್ ಆಯಿತು. 18 ವರ್ಷದವರೆಗೆ ಸ್ಪೆಷಲ್ ಸ್ಕೂಲು. ಆಮೇಲೆ ಏನು ಅಂತ ಯಾರೂ ಹೇಳುವುದಿಲ್ಲ. ಇಂಥವರನ್ನು ಸಾಕಿದ ಪ್ರತಿ ಮನೆಗೂ ಈ 18 ಅನ್ನುವ ಗೋಡೆ ಗೊತ್ತು. ಅವಳನ್ನು ಒಂದು ತರಬೇತಿ ಕೇಂದ್ರಕ್ಕೆ ಸೇರಿಸಿದೆವು. ಪೇಪರ್ ಕವರ್ ಅಂಟಿಸುವುದು, ದೀಪಾವಳಿಗೆ ಹಣತೆಗೆ ಬಣ್ಣ ಬಳಿಯುವುದು. ಒಂಬತ್ತು ವರ್ಷ ಬಣ್ಣ ಬಳಿದಳು. ಹಣತೆ ಮಾರಾಟ ಆಗುತ್ತಿತ್ತು, ಅವಳಿಗೆ ವರ್ಷಕ್ಕೊಮ್ಮೆ ಸ್ವೀಟ್ ಬಾಕ್ಸ್ ಬರುತ್ತಿತ್ತು. ಆಗ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹೊತ್ತು ಹೋಗುತ್ತದಲ್ಲ ಅಂದುಕೊಂಡಿದ್ದೆ.

2022ರಲ್ಲಿ ಹನುಮಂತನಗರದ ಕಡೆ ಒಂದು ಚಿಕ್ಕ ನಾಟಕ ತಂಡ ಸೇರಿದಳು. ತಂಡದ ಹೆಸರು ಬರೆಯುವುದಿಲ್ಲ, ಪತ್ರ ಜಾಹೀರಾತು ಆಗುವುದು ಬೇಡ. ಸ್ಟೇಜಿನ ಮೇಲೆ ಒಟ್ಟು 11 ಜನ. ಇಬ್ಬರಿಗೆ ಡೌನ್ ಸಿಂಡ್ರೋಮ್, ಒಬ್ಬ ಹುಡುಗನಿಗೆ ಆಟಿಸಂ, ಶಾನುಭೋಗರಿಗೆ ಕೈಕಾಲು ಸ್ವಾಧೀನಕ್ಕೆ ಬಾರದ ಸೆರೆಬ್ರಲ್ ಪಾಲ್ಸಿ, ಒಬ್ಬಾಕೆಗೆ ಕಿವಿ ಕೇಳಿಸುವುದಿಲ್ಲ. ಉಳಿದ ಆರು ಜನರ ಹತ್ತಿರ ಅಂಗವಿಕಲರ ಸರ್ಟಿಫಿಕೇಟ್ ಇಲ್ಲ, ಅಷ್ಟೇ. ರಿಹರ್ಸಲ್ ಸಂಜೆ ಆರರಿಂದ ಎಂಟು, ಒಂದು ಸ್ಕೂಲಿನ ನೆಲಮಹಡಿ ಹಾಲ್‌ನಲ್ಲಿ. ಒಬ್ಬೊಬ್ಬರ ಸಂಭಾವನೆಯ ಲೆಕ್ಕ ಹೀಗೆ: ರಿಹರ್ಸಲ್‌ಗೆ 200 ರೂಪಾಯಿ, ಶೋಗೆ 1,500. ಡ್ರಾಮಾ ಸ್ಕೂಲಿನಲ್ಲಿ ಕಲಿತು ಬಂದ ಇಬ್ಬರಿಗೂ ಅಷ್ಟೇ, ನನ್ನ ಮಗಳಿಗೂ ಅಷ್ಟೇ. ಕಳೆದ ವರ್ಷ 18 ಶೋ, 70 ರಿಹರ್ಸಲ್ ಆಯಿತು. ಕೂಡಿದರೆ 41,000. ಇದರಲ್ಲಿ ಬೆಂಗಳೂರಿನಲ್ಲಿ ಯಾರೂ ಬದುಕಲಾರರು. ಶೋ ಇಲ್ಲದ ತಿಂಗಳು ಸೊನ್ನೆ. ಆದರೂ ಅದು ಸಂಬಳ.

ಈಗ ಆ ಅಣ್ಣನ ವಿಷಯ. ಮೊದಲ ಶೋ ಮುಗಿದ ದಿನ ನಿರ್ದೇಶಕಿ ಮೇಡಂ ಒಬ್ಬೊಬ್ಬರನ್ನೇ ಕರೆದು ವೋಚರ್‌ಗೆ ಸಹಿ ಮಾಡಿಸಿಕೊಂಡು ಕವರ್ ಕೊಟ್ಟರು. ಕವರ್ ಮೇಲೆ ಹೆಸರಿತ್ತು. ಮಗಳು ಆಟೋದಲ್ಲಿ ಕೂರುವಾಗ ನಾನು ‘ಬಿದ್ದುಹೋಗತ್ತೆ ಕೊಡು’ ಅಂದು ಅದನ್ನು ನನ್ನ ಜೇಬಿಗೆ ಹಾಕಿಕೊಂಡೆ. ಮನೆಗೆ ಬಂದು ಬೀರುವಿನಲ್ಲಿಟ್ಟೆ. ಎರಡನೇ ಶೋದ್ದೂ ಹಾಗೇ. ಮೂರನೆಯದೂ. ನಾಲ್ಕನೇ ಸಲ ಅವಳು ಕವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು. ‘ನನ್ನ ಹೆಸರು ಇದೆ ಅಪ್ಪ’ ಅಂದಳು. 36 ವರ್ಷ ನಾನು ಮನೆ ಮನೆಯ ಬಾಗಿಲಲ್ಲಿ ನಿಂತು ಹೇಳಿದ ಮಾತು ಅದು. ನನಗೆ ಆ ವಠಾರ ನೆನಪಾಯಿತು.

ಬೀರುವಿನಲ್ಲಿದ್ದ 4,500 ರೂಪಾಯಿ ಅವತ್ತೇ ಲೆಕ್ಕ ಹಾಕಿ ಕೊಟ್ಟೆ. ಅವಳು ಎಣಿಸಲಿಲ್ಲ, ಅಮ್ಮನ ಕೈಯಲ್ಲಿ ಎಣಿಸಿಸಿದಳು. ನನ್ನ ಮೇಲೆ ನಂಬಿಕೆ ಹೋಗಿತ್ತು ಅಂತ ಕಾಣುತ್ತದೆ.

ಬೆಲೆ ಗೊತ್ತಾಗುತ್ತದೆಯೇ ಎಂದು ನಿಮ್ಮ ಪತ್ರಲೇಖಕರು ಕೇಳಿದ್ದಾರೆ. ಆ ಹಣದಲ್ಲಿ ಅವಳು ಮೊದಲು ಕೊಂಡಿದ್ದು ಕುಕ್ಕರ್ ಗ್ಯಾಸ್ಕೆಟ್. ಎರಡು ತಿಂಗಳಿಂದ ಅವಳ ಅಮ್ಮ ವಿಸಲ್ ಬರುತ್ತಿಲ್ಲ ಅಂತ ಗೊಣಗುತ್ತಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ, ಇವಳು ಹಾಕಿಕೊಂಡಿದ್ದಳು. ಹಳೆಯ ಗ್ಯಾಸ್ಕೆಟ್ ಬಳೆ ಹಾಗೆ ಕೈಗೆ ಹಾಕಿಕೊಂಡು ಗಾಂಧಿ ಬಜಾರಿಗೆ ಹೋಗಿ ಅಳತೆ ನೋಡಿ ತಂದಳು. ಆಮೇಲೆ ಒಂದು ಲಿಪ್‌ಸ್ಟಿಕ್, ಒಂದು ಮಸಾಲೆ ದೋಸೆ. ತಮ್ಮನಿಗೆ 300 ರೂಪಾಯಿ ಸಾಲ ಕೊಟ್ಟಳು. ಅವನು ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ತಮಾಷೆಗೆ ಕೇಳಿದ್ದ. ವಾಪಸ್ ಕೊಡುವವರೆಗೂ ದಿನಾ ರಾತ್ರಿ ಊಟದ ಹೊತ್ತಿಗೆ ನೆನಪು ಮಾಡುತ್ತಿದ್ದಳು.

ಇನ್ನೊಂದು ದಿನದ್ದು ಬಸ್ಸಿನ ಕಥೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ. ಶೋ ಮುಗಿಸಿ ಬಿಎಂಟಿಸಿ ಹತ್ತಿದೆವು. ಇವಳು ಕವರಿನಿಂದ ನೂರರ ನೋಟು ತೆಗೆದು ಕಂಡಕ್ಟರ್ ಮುಂದೆ ಹಿಡಿದಳು. ಅವರು ‘ನಿಮಗೆ ಫ್ರೀ ಅಮ್ಮಾ’ ಅಂದು ಶೂನ್ಯ ದರದ ಟಿಕೆಟ್ ಹರಿದು ಕೊಟ್ಟರು. ಇವಳಿಗೆ ಸಿಟ್ಟು ಬಂತು. ‘ನಂಗೆ ಸಂಬಳ ಆಗಿದೆ’ ಅಂದಳು. ಇಡೀ ಬಸ್ಸು ಇತ್ತ ನೋಡಿತು. ಕಂಡಕ್ಟರ್ ಜಾಣ. ‘ಹಾಗಾದ್ರೆ ಇವ್ರದ್ದು ಕೊಡಿ’ ಅಂತ ನನ್ನ ಕಡೆ ಬೆರಳು ತೋರಿಸಿದರು. ನನ್ನ ಟಿಕೆಟ್ ಅವಳು ತೆಗೆದಳು. ಚಿಲ್ಲರೆ ಎಣಿಸಿಕೊಂಡಳು. ಇಳಿಯುವಾಗ ಟಿಕೆಟ್ ಬಿಸಾಡಬೇಡ ಅಂತ ನನಗೆ ಹೇಳಿದಳು. ಬಿಸಾಡಿಲ್ಲ.

ಕೆಲಸ ಅಂದಮೇಲೆ ಸಂಬಳ ಹಿಡಿಯುವುದೂ ಇರುತ್ತದೆ. ಒಂದು ವಾರದಲ್ಲಿ ಮೂರು ದಿನ ರಿಹರ್ಸಲ್‌ಗೆ ತಡವಾಯಿತು. ಮೂರಕ್ಕೂ ಅರ್ಧರ್ಧ ಹಿಡಿದರು. ನನಗೆ ತಡೆಯಲಾಗಲಿಲ್ಲ. ಇಂಥ ಹುಡುಗಿಗೂ ಕಟ್ ಮಾಡುತ್ತೀರಲ್ಲ ಅಂತ ಮೇಡಂ ಮೇಲೆ ರೇಗಿದೆ. ಅವರು ಏನೂ ಹೇಳುವ ಮೊದಲೇ ಮಗಳು, ‘ಲೇಟಾದ್ರೆ ಕಟ್ ಮಾಡ್ತಾರೆ. ಎಲ್ರಿಗೂ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ನಿದ್ದೆ ಮಾಡಿದ್ದು ನೀನು’ ಅಂತಲೂ ಸೇರಿಸಿದಳು. ನಿಜ. ಮಧ್ಯಾಹ್ನ ಮಲಗಿ ಎದ್ದು ಅವಳನ್ನು ಹೊರಡಿಸುವುದು ನನ್ನ ಜವಾಬ್ದಾರಿ. ಆಮೇಲೆ ಅಲಾರಂ ಇಟ್ಟುಕೊಂಡೆ. ಹಣತೆಗೆ ಬಣ್ಣ ಬಳಿಯುವಾಗ ಯಾರೂ ಅವಳನ್ನು ಲೇಟು ಅಂದಿರಲಿಲ್ಲ. ಹೋದರೂ ಆಗುತ್ತಿತ್ತು, ಹೋಗದಿದ್ದರೂ ಆಗುತ್ತಿತ್ತು.

ಅಭಿನಯ ಅಂದರೆ ಇವರಿಗೆ ಆಟ, ಅದಕ್ಕೇಕೆ ದುಡ್ಡು ಅನ್ನುವವರು ಒಂದು ರಿಹರ್ಸಲ್ ಬಂದು ನೋಡಲಿ. ಡೌನ್ ಸಿಂಡ್ರೋಮ್ ಇರುವವರಿಗೆ ಸ್ನಾಯುಗಳು ಸಡಿಲ, ಮಾತು ಸ್ಪಷ್ಟವಾಗಿ ಬರುವುದು ಕಷ್ಟ. ‘ಬದನೆಕಾಯಿ ಬೇಕಾ, ಬಾಯಿ ಮುಚ್ಕೊಂಡು ಹೋಗ್ತೀಯಾ’ ಅನ್ನುವ ಒಂದು ಸಾಲು ಕೊನೆಯ ಕುರ್ಚಿಗೆ ಕೇಳಿಸಲು ಮಗಳಿಗೆ ಐದು ವಾರ ಬೇಕಾಯಿತು. ಬೆಳಿಗ್ಗೆ ಹಲ್ಲುಜ್ಜುವಾಗಲೂ ಅದೇ ಸಾಲು. ನಮ್ಮ ಹಾಲಿನವನಿಗೆ ಬಾಯಿಪಾಠ ಆಗಿದೆ. ಕಿವಿ ಕೇಳಿಸದ ನಟಿ ತನ್ನ ಸರದಿ ಬಂತು ಅನ್ನುವ ಸೂಚನೆ, ಅಂದರೆ ಕ್ಯೂ, ತೆಗೆದುಕೊಳ್ಳುವುದು ಹಲಗೆಯ ನಡುಕದಿಂದ. ಹಿಂದಿರುವವರು ಕಾಲಿನಿಂದ ಒಮ್ಮೆ ಜೋರಾಗಿ ತುಳಿಯುತ್ತಾರೆ, ಅದು ಅವಳ ಅಂಗಾಲಿಗೆ ಗೊತ್ತಾಗುತ್ತದೆ. ಪ್ರೇಕ್ಷಕರಿಗೆ ಅದು ಸಂತೆಯ ಕುಣಿತದ ಹೆಜ್ಜೆ. ಆಟಿಸಂ ಇರುವ ಹುಡುಗನಿಗೆ ಲೈಟ್ ದಿಢೀರ್ ಅಂತ ಹೋದರೆ ಆಗುವುದಿಲ್ಲ. ಅದಕ್ಕೇ ಆ ನಾಟಕದಲ್ಲಿ ಬ್ಲ್ಯಾಕೌಟ್ ಇಲ್ಲ, ಸಂಜೆಯಾದ ಹಾಗೆ ಬೆಳಕು ನಿಧಾನಕ್ಕೆ ಇಳಿಯುತ್ತದೆ. ನೋಡಿದವರು ಅದನ್ನೇ ಚೆಂದ ಅಂದರು. ಸಾಲು ಮರೆತವರಿಗೆ ಹೇಳಿಕೊಡಲು ಒಬ್ಬರು ಬೇಕಲ್ಲ, ಅವರು ಸೈಡ್‌ವಿಂಗ್‌ನಲ್ಲಿ ಅವಿತು ಕೂರುವುದಿಲ್ಲ. ಸಂತೆಯ ಭಿಕ್ಷುಕನ ವೇಷ ಹಾಕಿಕೊಂಡು ಸ್ಟೇಜ್ ಮೇಲೇ ಅಲೆಯುತ್ತಾ ಕಿವಿಯಲ್ಲಿ ಹೇಳುತ್ತಾರೆ. ಅವರಿಗೂ 1,500.

ನಾಟಕದವರಿಗೆ ಸಂಬಳ ಅನ್ನುವುದು ನಮ್ಮಲ್ಲಿ ಹೊಸದೇ? ನಮ್ಮೂರಿನ ಕಡೆಯವರಿಗೆ ಇದು ಹೇಳಬೇಕಾಗಿಲ್ಲ. ಗುಬ್ಬಿ ನಾಟಕ ಕಂಪನಿ ಶುರುವಾಗಿದ್ದು 1884ರಲ್ಲಿ. ವೀರಣ್ಣನವರ ಕಾಲದಲ್ಲಿ ಎಷ್ಟು ಮನೆಗಳ ಒಲೆ ಉರಿದದ್ದು ಆ ಕಂಪನಿಯಿಂದ. ರಾಜ್‌ಕುಮಾರ್ ಅಲ್ಲಿಂದ ಬಂದವರು, ನಾಟಕ ನಿರ್ದೇಶಕ ಬಿ.ವಿ. ಕಾರಂತರೂ ಹುಡುಗನಾಗಿದ್ದಾಗ ಅಲ್ಲಿದ್ದವರು. ಮುಂದೆ 1989ರಲ್ಲಿ ಮೈಸೂರಿನಲ್ಲಿ ಸಂಬಳದ ಕಲಾವಿದರನ್ನು ಇಟ್ಟುಕೊಂಡು ರಂಗಾಯಣ ಕಟ್ಟಿದ್ದು ಅದೇ ಕಾರಂತರು. ಹೆಗ್ಗೋಡಿನ ನೀನಾಸಂನ ‘ತಿರುಗಾಟ’ ನಾಟಕ ತಂಡ 1985ರಿಂದ ಊರೂರು ಸುತ್ತುತ್ತಿದೆ. ಬೆಂಗಳೂರಿನ ಹವ್ಯಾಸಿ ನಾಟಕದವರು ಮಾತ್ರ ದುಡ್ಡು ಕೇಳಲಿಲ್ಲ. ಯಾಕೆ ಕೇಳಲಿಲ್ಲ? ಅವರಲ್ಲಿ ಬಹಳ ಜನ ಬ್ಯಾಂಕಿನಲ್ಲಿ, ಎಜಿ (ಅಕೌಂಟೆಂಟ್ ಜನರಲ್) ಆಫೀಸಿನಲ್ಲಿ, ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದವರು. ಒಂದನೇ ತಾರೀಖು ಸಂಬಳ ಬರುತ್ತಿತ್ತು, ಸಂಜೆ ರವೀಂದ್ರ ಕಲಾಕ್ಷೇತ್ರದಲ್ಲಿ ಬಣ್ಣ ಹಚ್ಚುತ್ತಿದ್ದರು. ನಮ್ಮ ಅಂಚೆ ಇಲಾಖೆಯಲ್ಲೂ ಅಂಥವರಿದ್ದರು. ನನ್ನ ಮಗಳಿಗೆ ಯಾವ ಎಜಿ ಆಫೀಸು ಕೆಲಸ ಕೊಟ್ಟಿದೆ? ಹವ್ಯಾಸ ಅನ್ನುವುದು ಬೇರೆ ಸಂಬಳ ಇದ್ದವರ ಮಾತು.

ಎರಡು ವರ್ಷದ ಹಿಂದೆ ಒಂದು ಬಡಾವಣೆಯ ಸಂಘದವರು ರಾಜ್ಯೋತ್ಸವಕ್ಕೆ ಈ ತಂಡವನ್ನು ಕರೆದರು. ಆರ್ಕೆಸ್ಟ್ರಾದವರಿಗೆ ಅಡ್ವಾನ್ಸ್ ಹೋಗಿತ್ತು. ಶಾಮಿಯಾನ, ಮೈಕ್ ಸೆಟ್, ಜನರೇಟರ್, ಬಿಸಿಬೇಳೆಬಾತಿನವರು, ಎಲ್ಲರಿಗೂ ಹಣ. ನಮ್ಮವರಿಗೆ ಒಂದೊಂದು ಶಾಲು, ಒಂದೊಂದು ಮೊಮೆಂಟೊ, ಮೇಡಂಗೆ ಮೈಸೂರು ಪೇಟ. ನಿರೂಪಕರು ‘ದೇವರ ಮಕ್ಕಳು’ ಅಂದರು, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ದೇವರ ಮಕ್ಕಳಿಗೆ ಆಟೋ ಚಾರ್ಜ್ ಕೊಟ್ಟವರಿಲ್ಲ. ಮಗಳು ಶಾಲನ್ನು ಬಿಚ್ಚಿ, ಕೊಡವಿ, ಒಳಗೆ ಕವರ್ ಇದೆಯಾ ಅಂತ ನೋಡಿದಳು. ನನ್ನ ಪಕ್ಕ ಕೂತಿದ್ದವರು ‘ಪಾಪ’ ಅಂದರು. ಪಾಪ ಏನು ಬಂತು, ಸರಿಯಾದ ಜಾಗದಲ್ಲೇ ಹುಡುಕುತ್ತಿದ್ದಳು. ಆ ಶೋದ 11 ಕವರುಗಳನ್ನು ಮೇಡಂ ತಮ್ಮ ಕೈಯಿಂದ ಹಾಕಿ ಕೊಟ್ಟರು ಅಂತ ಆಮೇಲೆ ತಿಳಿಯಿತು. ಈಗ ಅವರು ಮೊದಲೇ ಫೋನಿನಲ್ಲಿ ಕೇಳುತ್ತಾರೆ: ಆರ್ಕೆಸ್ಟ್ರಾ ಇದೆಯಾ? ಅವರಿಗೆ ಎಷ್ಟು? ಅರ್ಧ ಜನ ಅಲ್ಲೇ ಫೋನ್ ಇಡುತ್ತಾರಂತೆ.

ಬ್ಯಾಂಕ್ ಖಾತೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಅಂಚೆ ಕಚೇರಿಯಲ್ಲೇ ಮಾಡಿಸಬಹುದಿತ್ತು. ಅಲ್ಲಿ ಎಲ್ಲರೂ ನನ್ನ ಗುರುತಿನವರು. ನನ್ನ ಮುಖ ನೋಡಿ ಅವಳ ಖಾತೆ ತೆರೆಯುವುದು ಬೇಡ ಅನ್ನಿಸಿತು. ಒಂದು ಬ್ಯಾಂಕಿಗೆ ಹೋದೆವು. ಅಲ್ಲಿಯ ಅಧಿಕಾರಿ ಅವಳ ಮುಖ ನೋಡಿ ನನ್ನನ್ನು ಕೇಳಿದರು, ‘ಗಾರ್ಡಿಯನ್ ಅಕೌಂಟ್ ಮಾಡಿ ಸಾರ್, ಇವರಿಗೆ ಯಾಕೆ?’ ಅವಳ ಸಹಿ ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇರುವುದಿಲ್ಲ, ಅದೂ ನಿಜ. ಎರಡನೇ ಸಲ ಹೋಗುವಾಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಒಂದು ಹಾಳೆ ಹಿಡಿದುಕೊಂಡು ಹೋದೆ. ಅದರ 13ನೇ ಸೆಕ್ಷನ್ ಓದಿ. ಎಲ್ಲರಂತೆ ಅಂಗವಿಕಲರಿಗೂ ಆಸ್ತಿ ಹೊಂದುವ, ತಮ್ಮ ಹಣಕಾಸು ತಾವೇ ನೋಡಿಕೊಳ್ಳುವ ಹಕ್ಕು ಇದೆ ಅನ್ನುತ್ತದೆ. ಅವರು ಮೇಲಿನವರನ್ನು ಕೇಳುತ್ತೇನೆ ಅಂದರು. ಮೂರನೇ ಸಲಕ್ಕೆ ಪಾಸ್‌ಬುಕ್ ಬಂತು. ಈಗ ಶೋ ಹಣ ಖಾತೆಗೆ, ರಿಹರ್ಸಲ್ ಹಣ ಕವರಿನಲ್ಲಿ. ಹಾಗೇ ಬೇಕು ಅಂತ ಅವಳೇ ಹೇಳಿದ್ದು. ಕವರ್ ಇಲ್ಲದಿದ್ದರೆ ಅವಳಿಗೆ ಸಂಬಳ ಅನ್ನಿಸುವುದಿಲ್ಲ. ನನಗೂ ಅಷ್ಟೇ.

ಅದೇ ಕಾಯ್ದೆಯ 29ನೇ ಸೆಕ್ಷನ್ ಸಾಂಸ್ಕೃತಿಕ ಬದುಕಿನ ಬಗ್ಗೆಯೇ ಇದೆ. ಅಂಗವಿಕಲ ಕಲಾವಿದರಿಗೆ ಸೌಲಭ್ಯ, ಬೆಂಬಲ, ಪ್ರಾಯೋಜನೆ ಅನ್ನುವ ಮಾತು ಅಲ್ಲಿದೆ. ಕಲಾವಿದರು ಅಂತಲೇ ಬರೆದಿದ್ದಾರೆ, ದೇವರ ಮಕ್ಕಳು ಅಂತ ಅಲ್ಲ. ಹಾಗಾಗಿ ಕಾರ್ಯಕ್ರಮಗಳಿಗೆ ಸಹಾಯಧನ ಕೊಡುವ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ನನ್ನದೊಂದು ಕೋರಿಕೆ. ಅರ್ಜಿ ಹಾಕುವ ತಂಡಗಳನ್ನು ಒಂದು ಪ್ರಶ್ನೆ ಕೇಳಿ: ನಿಮ್ಮ ಅಂಗವಿಕಲ ನಟರಿಗೆ ಎಷ್ಟು ಕೊಟ್ಟಿರಿ, ಯಾರ ಕೈಗೆ ಕೊಟ್ಟಿರಿ? ವೋಚರ್ ತೋರಿಸಲಿ. ಹೆಬ್ಬೆಟ್ಟಾದರೂ ಪರವಾಗಿಲ್ಲ, ಸಾಕ್ಷಿ ಇರಲಿ.

ರಂಗಮಂದಿರ ಕಟ್ಟುವವರಿಗೂ ಒಂದು ಮಾತು. ನಾವು ಹೋದ ಒಂದು ಹಾಲ್‌ನಲ್ಲಿ ಮುಂದೆ ಚೆಂದದ ರ‍್ಯಾಂಪ್ ಇದೆ. ವೀಲ್‌ಚೇರಿನ ಪ್ರೇಕ್ಷಕರು ಸಲೀಸಾಗಿ ಬರಬಹುದು. ಹಿಂದೆ ಗ್ರೀನ್ ರೂಮಿನಿಂದ ಸ್ಟೇಜಿಗೆ ಐದು ಮೆಟ್ಟಿಲು. ನಮ್ಮ ಶಾನುಭೋಗರನ್ನು ನಾಲ್ಕು ಜನ ಎತ್ತಿಕೊಂಡು ಹತ್ತಿಸಿದರು, ಪಂಚೆ ಮಾಸಿತು, ಪೇಟ ಬಿತ್ತು. ಇಂಥವರು ನಾಟಕ ನೋಡಲು ಬರಬಹುದು ಅಂತ ಕಟ್ಟಿದವರಿಗೆ ಹೊಳೆದಿದೆ. ಆಡಲು ಬರಬಹುದು ಅಂತ ಹೊಳೆದಿಲ್ಲ.

ಪತ್ರಿಕೆಯವರೂ ಹಾಗೇ, ಬೇಸರ ಮಾಡಿಕೊಳ್ಳಬೇಡಿ. ಮಾರ್ಚ್ 21 ವಿಶ್ವ ಡೌನ್ ಸಿಂಡ್ರೋಮ್ ದಿನ. ಮೂರು ಇರುವ 21ನೇ ಕ್ರೋಮೋಸೋಮ್ ಅಂತ ಮೂರನೇ ತಿಂಗಳ 21. ಅವತ್ತು ಎಲ್ಲಾದರೂ ಕರೆದು ಗುಲಾಬಿ ಕೊಡುತ್ತಾರೆ, ಫೋಟೊ ಬರುತ್ತದೆ. ಆರು ದಿನ ಬಿಟ್ಟರೆ ಮಾರ್ಚ್ 27, ವಿಶ್ವ ರಂಗಭೂಮಿ ದಿನ. ಅವತ್ತು ಇವರನ್ನು ಯಾರೂ ಕರೆಯುವುದಿಲ್ಲ. ಆಸ್ಟ್ರೇಲಿಯಾದ ಜಿಲಾಂಗ್ ಅನ್ನುವ ಊರಿನಲ್ಲಿ 1987ರಿಂದ ‘ಬ್ಯಾಕ್ ಟು ಬ್ಯಾಕ್’ ಎಂಬ ಇಂಥದೇ ಒಂದು ತಂಡ ಇದೆ ಅಂತ ಮಗ ಫೋನಿನಲ್ಲಿ ತೋರಿಸಿದ. ಅಲ್ಲಿಯ ಅಂಗವಿಕಲ ನಟರಿಗೆ ಅದೇ ಉದ್ಯೋಗ. 2024ರಲ್ಲಿ ವೆನಿಸ್‌ನಲ್ಲಿ ಆ ತಂಡಕ್ಕೆ ರಂಗಭೂಮಿಯ ಗೋಲ್ಡನ್ ಲಯನ್ ಕೊಟ್ಟಿದ್ದಾರೆ. ನಮಗೆ ಸಿಂಹ ಬೇಡ. ನಿಮ್ಮ ನಾಟಕ ವಿಮರ್ಶಕರನ್ನು ಒಮ್ಮೆ ಕಳಿಸಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅಂತಲೇ ಬರೆಯಿರಿ. ಎರಡನೇ ಅಂಕ ಎಳೆದಾಡುತ್ತದೆ ಅಂತ ನನ್ನ ಅಭಿಪ್ರಾಯ, ಮನೆಯಲ್ಲಿ ಹೇಳಿ ಬೈಸಿಕೊಂಡಿದ್ದೇನೆ. ವಿಮರ್ಶಕರಿಗೆ ಮಾತ್ರ ಟಿಕೆಟ್ ಫ್ರೀ.

ಈ ಪತ್ರಕ್ಕೆ ಹೆಸರು ಹಾಕಿಲ್ಲ. ನನ್ನ ಹೆಸರು ಹಾಕಿದರೆ ಅವಳ ಹೆಸರೂ ಗೊತ್ತಾಗುತ್ತದೆ. ಅವಳಿಗೆ ಓದಿ ಹೇಳಿದೆ. ಗ್ಯಾಸ್ಕೆಟ್ ಬಂದಾಗ ನಕ್ಕಳು, ಬೀರುವಿನ ವಿಷಯಕ್ಕೆ ತಲೆಯಾಡಿಸಿದಳು. ಪೂರ್ತಿ ಕೇಳಿ, ‘ಇದಕ್ಕೆ ಪೇಪರ್‌ನವ್ರು ಎಷ್ಟು ಕೊಡ್ತಾರೆ?’ ಅಂದಳು. ಏನೂ ಕೊಡುವುದಿಲ್ಲ ಅಂದೆ.

‘ಮತ್ತೆ ಯಾಕೆ ಬರೀತೀಯ?’ ಅಂದು ಟಿವಿ ಹಾಕಿದಳು.

ಇಂತಿ ನಿಮ್ಮ ಓದುಗ,
ನಿವೃತ್ತ ಪೋಸ್ಟ್‌ಮ್ಯಾನ್
ಶ್ರೀನಗರ, ಬೆಂಗಳೂರು